11 ದಿನ ಫೆರೂಲ್ ಹಾಕಿದ ಹುಡುಗ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ಶೆಡ್ ಇದೆ. ಮೋಟಾರುಗಳಿಗೆ ಪ್ಯಾನೆಲ್ ಬೋರ್ಡ್, ಅಂದರೆ ಮೋಟಾರು ಶುರುಮಾಡುವ, ನಿಲ್ಲಿಸುವ ಪೆಟ್ಟಿಗೆ, ಮಾಡುತ್ತೇವೆ. ನನ್ನನ್ನೂ ಸೇರಿಸಿ ಏಳು ಜನ. ಗಿರಾಕಿಗಳು ಹೆಚ್ಚಾಗಿ ಮಂಡ್ಯ ಕಡೆಯವರು. ಆಲೆಮನೆ, ಅಕ್ಕಿ ಗಿರಣಿ, ನೀರಿನ ಪಂಪು, ಇಷ್ಟೇ ನಮ್ಮ ಪ್ರಪಂಚ.

2022ರಲ್ಲಿ ಮದ್ದೂರಿನಿಂದ ಒಬ್ಬ ಹುಡುಗ ಬಂದ. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿದ್ದ. "ಮೂರು ತಿಂಗಳು ಕೆಲಸ ಕಲಿ, ಆಮೇಲೆ ದುಡ್ಡಿನ ಮಾತು" ಅಂದಿದ್ದೆ. 12ನೇ ದಿನ ಬರಲಿಲ್ಲ. ಫೋನೂ ಎತ್ತಲಿಲ್ಲ. ಈಗಿನ ಹುಡುಗರಿಗೆ ಕಮಿಟ್‌ಮೆಂಟ್ ಅನ್ನೋದೇ ಇಲ್ಲ ಅಂತ ಒಂದು ವಾರ ಸಿಕ್ಕಸಿಕ್ಕವರ ಹತ್ತಿರ ಹೇಳಿಕೊಂಡು ತಿರುಗಿದೆ.

ಎರಡು ತಿಂಗಳ ನಂತರ ಅವನು ಬಂದದ್ದು ಮಾರ್ಕ್ಸ್ ಕಾರ್ಡ್ ಕೇಳಲು. ಒರಿಜಿನಲ್ ನನ್ನ ಬೀರುವಿನಲ್ಲೇ ಇತ್ತು. ಮಧ್ಯದಲ್ಲಿ ಓಡಿಹೋಗದಿರಲಿ ಅಂತ ಎಲ್ಲರದ್ದೂ ಇಟ್ಟುಕೊಳ್ಳುತ್ತಿದ್ದೆ. ಆಗ ಅದು ತಪ್ಪು ಅಂತ ಅನ್ನಿಸಿರಲೇ ಇಲ್ಲ, ನೋಡಿ. ಕೊಡುವಾಗ ಸುಮ್ಮನೆ ಇರಲಾರದೆ "ಯಾಕಪ್ಪಾ ಹಾಗೆ ಹೋದೆ?" ಅಂದೆ. ಅವನು ಜಗಳ ಆಡಲಿಲ್ಲ. "ಸರ್, 11 ದಿನ ಫೆರೂಲ್ ಹಾಕಿದೆ. ಆ ಪ್ಯಾನೆಲ್ ಯಾತಕ್ಕೆ ಅಂತ ಯಾರೂ ಹೇಳಲಿಲ್ಲ. ಟ್ರೇನು, ಊಟ ಎಲ್ಲಾ ಅಪ್ಪನ ಹತ್ತಿರ ಈಸ್ಕೋಬೇಕಿತ್ತು. ಏನು ಕಲಿತೆ ಅಂದ್ರೆ ಏನು ಹೇಳಲಿ?" ಅಂದ.

ಫೆರೂಲ್ ಅಂದರೆ ತಂತಿಯ ತುದಿಗೆ ಹಾಕುವ, ನಂಬರು ಬರೆದ ಪುಟ್ಟ ಕೊಳವೆ. ಒಂದು ಪ್ಯಾನೆಲ್‌ಗೆ ನೂರಾರು ಬೇಕು. ಯಾರಿಗೂ ಇಷ್ಟವಿಲ್ಲದ ಕೆಲಸ. ಅದಕ್ಕೇ ಹೊಸಬರಿಗೆ ಕೊಡುತ್ತಿದ್ದೆವು.

ನನ್ನ ಹತ್ತಿರ ಒಂದು ಉತ್ತರ ಸದಾ ರೆಡಿ ಇರುತ್ತಿತ್ತು. 1998ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ತಿಂಗಳಿಗೆ 600 ರೂಪಾಯಿ. ಮೂರು ತಿಂಗಳು ಕಸ ಗುಡಿಸಿದೆ, ಟೀ ತಂದೆ. ಇದನ್ನು ಎಷ್ಟು ಹುಡುಗರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳದೆ ಬಿಟ್ಟ ಸಂಗತಿ ಬೇರೆ ಇತ್ತು. ನಮ್ಮ ಮನೆ ಇದ್ದದ್ದು ಮೇಟಗಳ್ಳಿಯಲ್ಲಿ. ಸೈಕಲ್‌ನಲ್ಲಿ ಹತ್ತು ನಿಮಿಷ. ಮಧ್ಯಾಹ್ನ ಮನೆಗೆ ಹೋಗಿ ಅಮ್ಮ ಮಾಡಿದ ಮುದ್ದೆ ಉಂಡು ಬರುತ್ತಿದ್ದೆ. ಆ 600 ಪೂರ್ತಿ ನನ್ನ ಜೇಬಿಗೇ. ಮದ್ದೂರಿನ ಹುಡುಗನಿಗೆ ನನ್ನ ಶೆಡ್‌ಗೆ ಬರುವುದೇ ಖರ್ಚಾಗಿತ್ತು.

ಅವತ್ತು ರಾತ್ರಿ ಲೆಕ್ಕ ಹಾಕಿದೆ. ಎಷ್ಟು ಕೊಟ್ಟರೆ ಸರಿ? ಒಂದು ಅಳತೆಗೋಲು ಬೇಕಲ್ವಾ? 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ಸಿಕ್ಕಿತು. 2019ರಲ್ಲಿ ತಿದ್ದಿದ ನಿಯಮದ ಪ್ರಕಾರ ಡಿಪ್ಲೊಮಾ ಆದವರಿಗೆ ತಿಂಗಳಿಗೆ ಕನಿಷ್ಠ 8,000, ಡಿಗ್ರಿ ಆದವರಿಗೆ 9,000 ಇತ್ತು. 30 ಜನ ಅಥವಾ ಜಾಸ್ತಿ ಇರುವ ಕಡೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನ ಇದ್ದರೆ ಇಷ್ಟವಿದ್ದರೆ ಮಾತ್ರ. ನಮ್ಮದು ಏಳು ಜನರ ಶೆಡ್, ಕಡ್ಡಾಯವೇನಿಲ್ಲ. ಆದರೂ ಅದೇ ಅಂಕಿ ಹಿಡಿದೆ. ಕಾಲೇಜಿನಿಂದ ಬರುವ ಇಂಟರ್ನ್ ಬೇರೆ, ಕಾಯ್ದೆಯ ಅಪ್ರೆಂಟಿಸ್ ಬೇರೆ. ಅಪ್ರೆಂಟಿಸ್ ಅಂತ ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸಿದರೆ ಸ್ಟೈಪೆಂಡಿನ (ಕಲಿಯುವಾಗ ಕೊಡುವ ದುಡ್ಡಿನ) ಶೇಕಡಾ 25, ಗರಿಷ್ಠ 1,500 ರೂಪಾಯಿ, ಕೇಂದ್ರ ಸರ್ಕಾರ ಭರಿಸುತ್ತಿತ್ತು. ಡಿಪ್ಲೊಮಾ ಮುಗಿಸಿ ಬಂದವರನ್ನು ಹಾಗೆ ನೋಂದಾಯಿಸಿದೆ. ಪೇಪರ್ ಕೆಲಸ ತಲೆನೋವು, ಸುಳ್ಳು ಹೇಳಲ್ಲ. ನಮ್ಮ ಲೆಕ್ಕ ಬರೆಯುವ ಹುಡುಗಿ ಇಲ್ಲದಿದ್ದರೆ ಅರ್ಧಕ್ಕೇ ಬಿಡುತ್ತಿದ್ದೆ.

ದುಡ್ಡು ಕೊಡುವ ದಿನವನ್ನೂ ಬದಲಿಸಿದೆ. ತಿಂಗಳ ಕೊನೆಗಲ್ಲ, ಮೊದಲ ಅರ್ಧ 15ನೇ ದಿನಕ್ಕೆ. ಪಿಜಿಗೆ ಅಡ್ವಾನ್ಸ್ ಕಟ್ಟಿ ಬಂದ ಹುಡುಗನಿಗೆ ಮೊದಲ ತಿಂಗಳೇ ಕಷ್ಟ. ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುವುದನ್ನು ಅವತ್ತೇ ನಿಲ್ಲಿಸಿದ್ದೆ.

ಇಷ್ಟು ಮಾಡಿದ ಮೇಲೆ ಎಲ್ಲಾ ಸರಿಹೋಯಿತು ಅಂದುಕೊಂಡೆ. ಹೋಗಲಿಲ್ಲ. ಮುಂದೆ ಬಂದ ಇಬ್ಬರು 8,000 ತೆಗೆದುಕೊಂಡು ಅದೇ ಫೆರೂಲ್ ಹಾಕಿಕೊಂಡು ಕೂತಿದ್ದರು. ಕೇಳಿದ್ದಕ್ಕೆ ಒಬ್ಬ "ಅಣ್ಣ ಬೇರೆ ಏನೂ ಕೊಡಲ್ಲ ಸರ್" ಅಂದ. ಅಣ್ಣ ಅಂದರೆ ನಮ್ಮ ಹಿರಿಯ ಮೆಕ್ಯಾನಿಕ್. ಕೈಕೆಲಸದಲ್ಲಿ ನನಗಿಂತ ಮೇಲು. ಅವರನ್ನು ಕೂರಿಸಿಕೊಂಡು ಕೇಳಿದೆ. "ಇವರಿಗೆ ಹೇಳ್ಕೊಡ್ತಾ ಕೂತ್ರೆ ನನ್ನ ಪ್ಯಾನೆಲ್ ಯಾರು ಮುಗಿಸ್ತಾರೆ ಸರ್? ಲೇಟಾದ್ರೆ ಬೈಯೋದು ನನಗೆ. ಕಲ್ತು ಆರು ತಿಂಗಳಿಗೆ ಹೋಗ್ತಾರೆ. ನನಗೇನು ಬಂತು?" ಅಂದರು.

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಹುಡುಗರಿಗೆ ಸ್ಟೈಪೆಂಡ್ ಕೊಟ್ಟೆ, ಕಲಿಸುವವರಿಗೆ ಏನೂ ಕೊಟ್ಟಿರಲಿಲ್ಲ. ಕಲಿಯುವವರು ಇದ್ದಷ್ಟು ತಿಂಗಳು ಅಣ್ಣನಿಗೆ 1,500 ಜಾಸ್ತಿ ಕೊಡಲು ಶುರುಮಾಡಿದೆ. ಬೆಳಿಗ್ಗೆ 10ರಿಂದ 11 ಕಲಿಸುವ ಹೊತ್ತು. ಆ ಹೊತ್ತಿನಲ್ಲಿ ಗಿರಾಕಿ ಫೋನ್ ಮಾಡಿದರೂ ನಾನು ಅವರನ್ನು ಕರೆಯುವುದಿಲ್ಲ. ಪ್ಯಾನೆಲ್ ಒಂದು ದಿನ ತಡವಾದರೆ ಬೈಗುಳ ನನ್ನ ಪಾಲಿಗೆ. ಸ್ಟೈಪೆಂಡಿಗಿಂತ ಈ 1,500ರಿಂದಲೇ ನಮ್ಮಲ್ಲಿ ಹೆಚ್ಚು ಬದಲಾಯಿತು ಅಂತ ಈಗಲೂ ನನಗನ್ನಿಸುತ್ತದೆ.

ಹೊಸದಾಗಿ ಬಂದವರನ್ನು ಈಗ ಮೊದಲ ವಾರವೇ ಒಂದು ಆಲೆಮನೆಗೆ ಕರೆದುಕೊಂಡು ಹೋಗುತ್ತೇನೆ. 2023ರ ಕೊನೆಯಲ್ಲಿ ಪಾಂಡವಪುರದ ಒಬ್ಬ ಹುಡುಗಿ ಸೇರಿದ್ದಳು. ಆ ವರ್ಷ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಫ್ರೀ ಆದ ಮೇಲೆ ಆ ಕಡೆಯಿಂದ ದಿನಾ ಬಂದುಹೋಗುವವರು ನಮ್ಮಲ್ಲಿ ಕೇಳಿಕೊಂಡು ಬರತೊಡಗಿದ್ದರು. ಆಲೆಮನೆಯಲ್ಲಿ ಕೊಪ್ಪರಿಗೆಯ ಹೊಗೆಗೆ ಕಣ್ಣುಜ್ಜಿಕೊಳ್ಳುತ್ತಾ ನಿಂತಿದ್ದಳು. ನಮ್ಮದೇ ಪ್ಯಾನೆಲ್ ಗೋಡೆಯ ಮೇಲೆ. ಬಟನ್ ಒತ್ತಿಸಿದೆ. ಮೋಟಾರು ನಿಧಾನಕ್ಕೆ ಎದ್ದಿತು, ಕೆಲವು ಸೆಕೆಂಡಿಗೆ ಠಕ್ ಅಂತ ಶಬ್ದ. ಸ್ಟಾರ್‌ನಿಂದ ಡೆಲ್ಟಾಗೆ ಬಂತು, ಅಂದರೆ ಕಡಿಮೆ ಕರೆಂಟಿನ ಶುರುವಿನ ಜೋಡಣೆಯಿಂದ ಪೂರ್ತಿ ಬಲದ ಜೋಡಣೆಗೆ. ಗಾಣದವನು ಆಮೇಲೆಯೇ ಕಬ್ಬು ಕೊಟ್ಟ.

"ಮೊದಲೇ ಯಾಕೆ ಕೊಡಲಿಲ್ಲ ಹೇಳಮ್ಮ?" ಅಂದೆ. ಪುಸ್ತಕದ ಉತ್ತರ ಅವಳಿಗೆ ಗೊತ್ತಿತ್ತು. ಸ್ಟಾರ್‌ನಲ್ಲಿ ಲೈನಿನ ಕರೆಂಟು ಡೆಲ್ಟಾದಲ್ಲಿ ಎಳೆಯುವುದರ ಮೂರರಲ್ಲೊಂದು ಪಾಲು. ಆದರೆ ಟಾರ್ಕೂ (ತಿರುಗಿಸುವ ಬಲವೂ) ಮೂರರಲ್ಲೊಂದೇ ಪಾಲು ಆಗುತ್ತದೆ, ಆಗ ಕಬ್ಬು ಕೊಟ್ಟರೆ ಗಾಣ ಮುಗ್ಗರಿಸುತ್ತದೆ ಅನ್ನುವುದು ಅಲ್ಲಿ ನಿಂತಾಗ ಹೊಳೆಯಿತು. "ನಮ್ಮ ತಾತನ ಕಬ್ಬೂ ಇಂಥ ಆಲೆಮನೆಗೇ ಹೋಗೋದು ಸರ್. ಗಾಣ ಯಾಕೆ ಖಾಲಿ ತಿರುಗಿಸ್ತಾರೆ ಅಂತ ಕೇಳಿರಲೇ ಇಲ್ಲ" ಅಂದಳು. ಮಾರನೇ ದಿನದಿಂದ ಅವಳೂ ಫೆರೂಲ್ ಹಾಕಿದಳು. ಆದರೆ ಯಾವ ನಂಬರಿನ ತಂತಿ ಎಲ್ಲಿಂದ ಎಲ್ಲಿಗೆ ಅಂತ ಡ್ರಾಯಿಂಗ್ ಪಕ್ಕದಲ್ಲಿಟ್ಟುಕೊಂಡು.

ಆರನೇ ವಾರ ಒಂದು ಸ್ಟಾರ್-ಡೆಲ್ಟಾ ಪ್ಯಾನೆಲ್ ಪೂರ್ತಿ ಅವಳಿಗೇ ಬಿಟ್ಟೆವು. ಮೂರು ಕಾಂಟ್ಯಾಕ್ಟರ್ (ಕರೆಂಟಿನಿಂದಲೇ ಕೂರುವ ದೊಡ್ಡ ಸ್ವಿಚ್), ಒಂದು ಟೈಮರ್, ಒಂದು ಓವರ್‌ಲೋಡ್ ರಿಲೇ. ಇಂಟರ್‌ಲಾಕ್, ಅಂದರೆ ಒಂದು ಕಾಂಟ್ಯಾಕ್ಟರ್ ಕೂತಾಗ ಇನ್ನೊಂದು ಕೂರದಂತೆ ತಡೆಯುವ ತಂತಿ, ಹಾಕಲು ಮರೆತಿದ್ದಳು. ಸ್ಟಾರ್, ಡೆಲ್ಟಾ ಎರಡೂ ಒಟ್ಟಿಗೆ ಕೂತರೆ ಮೂರೂ ಫೇಸ್ ಶಾರ್ಟ್. ಪವರ್ ಕೊಡದೆ ಕಂಟ್ರೋಲ್ ಸರ್ಕ್ಯೂಟ್ ಮಾತ್ರ ಟೆಸ್ಟ್ ಮಾಡುವ ಅಭ್ಯಾಸ ನಮ್ಮದು, ಹಾಗಾಗಿ ಏನೂ ಸುಡಲಿಲ್ಲ. ಅಣ್ಣ ಬೈಯಲಿಲ್ಲ. "ಎರಡನ್ನೂ ಕೈಯಲ್ಲಿ ಒತ್ತಿ ನೋಡು, ಏನಾಗುತ್ತೆ ಹೇಳು" ಅಂದರು. ಅವಳ ಮುಖ ಬಿಳಿಚಿಕೊಂಡಿತು. ಇಂಟರ್‌ಲಾಕ್ ತಂತಿ ಎಳೆದು ಮುಗಿಸುವವರೆಗೂ ಊಟಕ್ಕೆ ಏಳಲಿಲ್ಲ. ಅವತ್ತು ಸಂಜೆ ಏಳೂವರೆವರೆಗೆ ಇದ್ದಳು. ಇರು ಅಂತ ನಾನು ಹೇಳಿರಲಿಲ್ಲ, ಬಸ್ಸು ತಪ್ಪುತ್ತೆ ಹೋಗಮ್ಮ ಅಂತಲೇ ಹೇಳಿದ್ದೆ.

ಎಲ್ಲರೂ ಹೀಗೇ ಅಂತಲ್ಲ. ಕಳೆದ ವರ್ಷ ಬಂದವನೊಬ್ಬ ನಾಲ್ಕು ತಿಂಗಳು ದುಡ್ಡು ತೆಗೆದುಕೊಂಡ, ಅರ್ಧ ಹೊತ್ತು ಫೋನ್‌ನಲ್ಲೇ ಕಳೆದ. ಇನ್ನೊಬ್ಬನಿಗೆ ಎರಡನೇ ದಿನವೇ ಪಿಎಲ್‌ಸಿ (ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್) ಪ್ರೋಗ್ರಾಮ್ ಬೇಕಿತ್ತು, ಸ್ಕ್ರೂಡ್ರೈವರ್ ಹಿಡಿಯಲು ನಾಚಿಕೆ. ಇನ್ಫೋಸಿಸ್ ಕ್ಯಾಂಪಸ್ ಇರುವುದೂ ಹೆಬ್ಬಾಳದಲ್ಲೇ. ಅಲ್ಲಿನ ಎ.ಸಿ. ಕಟ್ಟಡ ದಾಟಿಕೊಂಡು ನಮ್ಮ ತಗಡಿನ ಶೆಡ್‌ಗೆ ಬರುವಾಗ ಹುಡುಗರ ಮನಸ್ಸಿನಲ್ಲಿ ಹೋಲಿಕೆ ಬರದೆ ಇರುತ್ತದೆಯೇ? ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ.

ಈಗ ಮೊದಲ ದಿನವೇ ಒಂದು ಹಾಳೆ ಬರೆದು ಇಬ್ಬರೂ ಸಹಿ ಹಾಕುತ್ತೇವೆ. ಕನ್ನಡದಲ್ಲೇ. ಎಷ್ಟು ದುಡ್ಡು, ಯಾವ ದಿನ, ಎಷ್ಟು ಗಂಟೆ ಕೆಲಸ, ನಾವು ಏನೇನು ಕಲಿಸುತ್ತೇವೆ, ಯಾರು ಕಲಿಸುತ್ತಾರೆ. ಬಿಡುವುದಿದ್ದರೆ ಒಂದು ವಾರ ಮುಂಚೆ ಹೇಳಬೇಕು, ಹೇಳಿದರೆ ಯಾರೂ ಮುಖ ಗಂಟು ಹಾಕುವುದಿಲ್ಲ ಅಂತಲೂ ಇದೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಮಕ್ಕಳಿಗೆ ಮುಂಚೆ ನಾಲ್ಕು ವಾರ ಇದ್ದ ಇಂಟರ್ನ್‌ಶಿಪ್ 2022ರ ಸ್ಕೀಮ್‌ನಲ್ಲಿ 14ರಿಂದ 20 ವಾರ ಆಗಿದೆ. ಅಷ್ಟು ದಿನ ಬಾಯಿಮಾತಿನಲ್ಲಿ ನಡೆಯುವುದಿಲ್ಲ.

ಪಾಂಡವಪುರದ ಹುಡುಗಿ ಒಂಬತ್ತನೇ ತಿಂಗಳು ಹಾಳೆಯಲ್ಲಿ ಬರೆದಂತೆ ಒಂದು ವಾರ ಮುಂಚೆ ಹೇಳಿದಳು. ಬೆಂಗಳೂರಿನಲ್ಲಿ ಕೆಲಸ, ಸಂಬಳ ನಾನು ಕೊಡುತ್ತಿದ್ದುದರ ಎರಡೂವರೆ ಪಟ್ಟು. ನಾನು ಮುಖ ಗಂಟು ಹಾಕಲಿಲ್ಲ ಅಂತ ಹೇಳಿದರೆ ಅದು ಸುಳ್ಳಾಗುತ್ತದೆ. ಆದರೆ ಕೈಯಲ್ಲಿದ್ದ ಮಳವಳ್ಳಿ ಗಿರಣಿಯ ಪ್ಯಾನೆಲ್ಲನ್ನು ಶನಿವಾರದೊಳಗೆ ಮುಗಿಸಿ, ಹೊಸದಾಗಿ ಬಂದಿದ್ದ ಹುಡುಗನ ಕೈಯಲ್ಲೇ ಎರಡೂ ಕಾಂಟ್ಯಾಕ್ಟರ್ ಒತ್ತಿಸಿ ನೋಡಿ ಹೋದಳು.