ನಮ್ಮ ಸೀಮೆಯ ಬೆಳೆ ನಮ್ಮಲ್ಲೇ ಮಾರಾಟವಾಗಬೇಕಾದರೆ: ಬೆಳೆಗಾರರೂ ಕೊಳ್ಳುವವರೂ ಕೂಡಿ ಮಾಡಬೇಕಾದ ಕೆಲಸಗಳು

‘ಸ್ಥಳೀಯ ಬೆಳೆಯನ್ನೇ ಕೊಳ್ಳಿರಿ’ ಎಂದು ಫಲಕ ಬರೆಸುವುದು ಸುಲಭ. ಯಾವ ವಾರ ಯಾರು ಎಷ್ಟು ತರುತ್ತಾರೆ, ಯಾರು ಎಷ್ಟು ಕೊಳ್ಳುತ್ತಾರೆ, ಬೆಲೆಯನ್ನು ಯಾವ ಲೆಕ್ಕದಲ್ಲಿ ಕಟ್ಟಲಾಗುತ್ತದೆ ಎಂಬ ಒಪ್ಪಂದ ಅದರ ಹಿಂದೆ ಇರದಿದ್ದರೆ, ಒಂದೆರಡು ತಿಂಗಳಲ್ಲೇ ರೈತರು ಮತ್ತೆ ಮಂಡಿಯ ದಾರಿ ಹಿಡಿಯುತ್ತಾರೆ.

ಕರ್ನಾಟಕಕ್ಕೆ ಈ ಯೋಚನೆ ಹೊಸದಲ್ಲ. ತೋಟಗಾರಿಕೆ ಇಲಾಖೆಯನ್ನು ಮುನ್ನಡೆಸಿದ ಡಾ. ಎಂ.ಎಚ್. ಮರಿಗೌಡರ ಪ್ರೇರಣೆಯಿಂದ 1959ರಲ್ಲಿ ಬೆಂಗಳೂರು ಸುತ್ತಲಿನ ದ್ರಾಕ್ಷಿ ಬೆಳೆಗಾರರು ಕಟ್ಟಿಕೊಂಡ ಸಹಕಾರ ಸಂಘವೇ ಮುಂದೆ ಹಣ್ಣು, ತರಕಾರಿ ಮಾರುವ ಹಾಪ್‌ಕಾಮ್ಸ್ ಆಯಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪಶ್ಚಿಮ ಭಾಗದಲ್ಲಿ 1999ರಲ್ಲಿ ಶುರುವಾದ ‘ಲೋಕಲ್ ಹೀರೋ’ ಕಾರ್ಯಕ್ರಮದಲ್ಲಿ ರೈತರ ಜೊತೆಗೆ ಅಂಗಡಿಗಳೂ ಹೋಟೆಲುಗಳೂ ಸದಸ್ಯರಾಗಿ ಒಂದೇ ಗುರುತನ್ನು ಬಳಸುತ್ತವೆ. ಕೊಳ್ಳುವವರನ್ನು ಸಂಘದ ಒಳಗೇ ಕೂರಿಸಿಕೊಳ್ಳುವ ಈ ಕ್ರಮವನ್ನು ನಮ್ಮ ತಾಲ್ಲೂಕು ಮಟ್ಟದಲ್ಲೂ ಅನುಸರಿಸಬಹುದು.

ಮೊದಲು ಕೊಳ್ಳುವವರ ಪಟ್ಟಿ

ಬೆಳಿಗ್ಗೆ ಕೊಯ್ದದ್ದು ಮಧ್ಯಾಹ್ನದೊಳಗೆ ಅಡುಗೆಮನೆ ಸೇರುವಷ್ಟು ದೂರವನ್ನು ಎಲ್ಲೆಯಾಗಿ ಇಟ್ಟುಕೊಂಡರೆ ಸಾಗಣೆ ವೆಚ್ಚ ಹಿಡಿತದಲ್ಲಿರುತ್ತದೆ. ಆ ಎಲ್ಲೆಯೊಳಗಿನ ಹೋಟೆಲು, ಕಲ್ಯಾಣ ಮಂಟಪ, ಖಾಸಗಿ ಹಾಸ್ಟೆಲ್, ದಾಸೋಹ ನಡೆಸುವ ಮಠ ಹಾಗೂ ತರಕಾರಿ ಅಂಗಡಿಗಳಿಗೆ ಹೋಗಿ, ವಾರಕ್ಕೆ ಯಾವ ತರಕಾರಿ ಎಷ್ಟು ಕಿಲೋ ಬೇಕಾಗುತ್ತದೆ ಎಂದು ಕೇಳಿ ಬರೆದುಕೊಳ್ಳಬೇಕು. ಸರ್ಕಾರಿ ವಿದ್ಯಾರ್ಥಿನಿಲಯಗಳ ಪೂರೈಕೆ ಸಾಮಾನ್ಯವಾಗಿ ಟೆಂಡರ್ ಮೂಲಕ ನಡೆಯುವುದರಿಂದ ಅದನ್ನು ಎರಡನೆಯ ವರ್ಷಕ್ಕೆ ಬಿಡುವುದು ಲೇಸು. ಮಳಿಗೆ ಬಾಡಿಗೆಗೆ ಹಿಡಿಯುವ ಉತ್ಸಾಹವನ್ನೂ ಈ ಹಂತದಲ್ಲಿ ತಡೆದುಕೊಳ್ಳಬೇಕು.

ಬಿತ್ತನೆಯ ಕ್ಯಾಲೆಂಡರ್

ಬೇಡಿಕೆ ವರ್ಷವಿಡೀ ಒಂದೇ ಸಮನಿರುವುದಿಲ್ಲ. ಆಷಾಢದಲ್ಲಿ ಮದುವೆಗಳಿಲ್ಲದೆ ಕಲ್ಯಾಣ ಮಂಟಪಗಳ ಖರೀದಿ ಇಳಿಯುತ್ತದೆ, ವೈಶಾಖದಲ್ಲಿ ಏರುತ್ತದೆ. ಟೊಮೆಟೊ ಸಸಿ ನಾಟಿಯಾದ ಎರಡು, ಎರಡೂವರೆ ತಿಂಗಳಿಗೆ ಕೊಯ್ಲಿಗೆ ಬರುತ್ತದೆ. ಸಸಿಮಡಿಯ ಅವಧಿಯೂ ಸೇರಿದರೆ ಮೂರು ತಿಂಗಳಿಗಿಂತ ಮೊದಲೇ ಯೋಚಿಸಬೇಕಾಗುತ್ತದೆ. ಹುರುಳಿಕಾಯಿಗೆ ಎರಡು ತಿಂಗಳೊಳಗಿನ ಅವಧಿ ಸಾಕು. ಹೀಗೆ ಬೇಡಿಕೆಯ ದಿನದಿಂದ ಹಿಂದಕ್ಕೆ ಎಣಿಸಿ, ಹತ್ತು ಮಂದಿ ರೈತರು ಹದಿನೈದು ದಿನಗಳ ಅಂತರದಲ್ಲಿ ಸರದಿಯ ಮೇಲೆ ನಾಟಿ ಮಾಡಿದರೆ ಎಲ್ಲರ ಮಾಲೂ ಒಂದೇ ವಾರ ಬಂದು ಬೀಳುವುದು ತಪ್ಪುತ್ತದೆ. ಒಂಟಿ ರೈತರಿಗೆ ಎಷ್ಟೇ ಜಾಣ್ಮೆಯಿದ್ದರೂ ಸಾಧ್ಯವಾಗದ ಕೆಲಸವಿದು.

ಬೆಲೆಯ ಕಟ್ಟು

ಬಹುತೇಕ ಕೂಟಗಳು ಮುರಿಯುವುದು ಇಲ್ಲೇ. ಪೇಟೆಯಲ್ಲಿ ಟೊಮೆಟೊ ಬೆಲೆ ಗಗನಕ್ಕೇರಿದ ವಾರ ಬೆಳೆಗಾರರಿಗೆ ಹೊರಗೆ ಮಾರುವ ಆಸೆ. ನೆಲಕಚ್ಚಿದ ವಾರ ಹೋಟೆಲಿನವರಿಗೆ ಮಂಡಿಯಿಂದ ತರುವ ಆಸೆ. ಆದ್ದರಿಂದ ಬೆಲೆಗೆ ಒಂದು ತಳವನ್ನೂ ಒಂದು ಮೇಲ್ಮಿತಿಯನ್ನೂ ಮೊದಲೇ ಬರೆದುಕೊಳ್ಳಬೇಕು. ಬೀಜ, ಗೊಬ್ಬರ, ಕೂಲಿ, ಸಾಗಣೆಗಳನ್ನು ಕೂಡಿಸಿ ಬರುವ ಬೆಳೆಯ ಖರ್ಚಿಗಿಂತ ತಳ ಕೆಳಗಿರಬಾರದು. ಖರ್ಚು ಕಿಲೋಗೆ 12 ರೂಪಾಯಿ ಬೀಳುತ್ತದೆ ಎಂದುಕೊಂಡರೆ, ತಳವನ್ನು 15 ರೂಪಾಯಿಗೂ ಮೇಲ್ಮಿತಿಯನ್ನು 40 ರೂಪಾಯಿಗೂ ನಿಲ್ಲಿಸಿ, ನಡುವಿನ ಬೆಲೆಯನ್ನು ಸಮೀಪದ ಎಪಿಎಂಸಿಯ ಹಿಂದಿನ ವಾರದ ಸರಾಸರಿಗೆ ಹೊಂದಿಸಬಹುದು. ಬೆಲೆ 70 ರೂಪಾಯಿ ಮುಟ್ಟಿದ ವಾರವೂ ಸಂಘಕ್ಕೆ ಒಪ್ಪಿಕೊಂಡ ಪಾಲನ್ನು 40ಕ್ಕೇ ಕೊಡಬೇಕಾಗುತ್ತದೆ ಎಂಬುದನ್ನು ರೈತರಿಗೆ ಮೊದಲ ಸಭೆಯಲ್ಲೇ ಬಿಡಿಸಿ ಹೇಳಬೇಕು. ಉಳಿದ ಬೆಳೆಯನ್ನು ಅವರು ಎಲ್ಲಿ ಬೇಕಾದರೂ ಮಾರಿಕೊಳ್ಳಲಿ. ಹಣದ ವಿಷಯದಲ್ಲಿ ದಾಕ್ಷಿಣ್ಯ ಬೇಡ. ವಾರಕ್ಕೊಮ್ಮೆ ಲೆಕ್ಕ ಚುಕ್ತಾ ಆಗಬೇಕು, ಎರಡು ವಾರದ ಉದ್ರಿ ಉಳಿಸಿಕೊಂಡವರಿಗೆ ಪೂರೈಕೆ ನಿಲ್ಲಬೇಕು.

ಗುರುತು ಮತ್ತು ಅದರ ಕಾವಲು

ಉಡುಪಿಯ ಕಟಪಾಡಿ ಬಳಿಯ ಮಟ್ಟು ಗ್ರಾಮದ ಗುಳ್ಳ ಬದನೆಗೆ, ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆಯಿದೆ. ಅಲ್ಲಿನ ಬೆಳೆಗಾರರ ಸಂಘವು ಕಾಯಿಗಳನ್ನು ವಿಂಗಡಿಸಿ, ಒಂದೊಂದಕ್ಕೂ ಚೀಟಿ ಅಂಟಿಸಿ ಮಾರುವ ಕ್ರಮವನ್ನು ರೂಢಿಸಿತು. ಬೇರೆ ಕಡೆಯ ಗುಳ್ಳ ಮಟ್ಟು ಗುಳ್ಳದ ಹೆಸರಿನಲ್ಲಿ ಮಾರಾಟವಾಗುವುದನ್ನು ತಡೆಯಲು ಇದೇ ದಾರಿ. ನಂಜನಗೂಡು ರಸಬಾಳೆ, ದೇವನಹಳ್ಳಿ ಚಕ್ಕೋತ, ಇಂಡಿ ಲಿಂಬೆಯಂಥ ಹೆಸರಾದ ಬೆಳೆಯಿರುವ ಸೀಮೆಯವರು ಅದನ್ನೇ ಮುಂದಿಟ್ಟುಕೊಂಡು ಆ ಹೆಸರನ್ನು ಬಳಸುವ ಹಕ್ಕುಳ್ಳ ‘ಅಧಿಕೃತ ಬಳಕೆದಾರ’ರಾಗಿ ನೋಂದಣಿ ಮಾಡಿಸಿಕೊಳ್ಳಬೇಕು. ಅಂಥ ಬೆಳೆ ಇಲ್ಲದ ಸೀಮೆಯಲ್ಲಿ ಸಂಘದ ಸ್ವಂತ ಗುರುತು ಸಾಕು. ಆದರೆ ಮಾಲು ಕಡಿಮೆಯಾದ ದಿನ ಹೊರಗಿನಿಂದ ತಂದು ಅದೇ ಚೀಟಿ ಅಂಟಿಸಿದರೆ ಗುರುತಿನ ಬೆಲೆ ಹೋಗುತ್ತದೆ. ‘ಇಂದು ಇಲ್ಲ’ ಎಂದು ಬರೆದು ತೂಗುಹಾಕುವುದೇ ಸರಿ.

ಕಾಗದಪತ್ರ

ಹತ್ತು ಮಂದಿ ಬೆಳೆಗಾರರಿದ್ದರೆ, ಬೆಳೆಗಾರರೇ ಸದಸ್ಯರಾಗಿರುವ ರೈತ ಉತ್ಪಾದಕ ಕಂಪನಿಯನ್ನು ನೋಂದಾಯಿಸಬಹುದು. ಸಹಕಾರ ಸಂಘದ ದಾರಿಯೂ ಇದೆ. ಕೇಂದ್ರ ಸರ್ಕಾರವು 10,000 ರೈತ ಉತ್ಪಾದಕ ಸಂಸ್ಥೆಗಳಿಗಾಗಿ 2020ರಲ್ಲಿ ತಂದ ಯೋಜನೆಯಲ್ಲಿ ನೆರವು ಪಡೆಯಲು ಬಯಲು ಪ್ರದೇಶದ ಸಂಸ್ಥೆಗಳಿಗೆ ಕನಿಷ್ಠ 300 ಸದಸ್ಯರ ಷರತ್ತಿತ್ತು. ರೈತರು ಹೊಲದಲ್ಲಿ ಬೆಳೆದದ್ದಕ್ಕೆ 2006ರ ಆಹಾರ ಸುರಕ್ಷತೆ ಕಾಯ್ದೆ ಅನ್ವಯಿಸುವುದಿಲ್ಲ. ಉಪ್ಪಿನಕಾಯಿ, ಹಪ್ಪಳ ಮಾಡಿ ಮಾರುವುದಾದರೆ ಆ ಕಾಯ್ದೆಯಡಿ ನೋಂದಣಿ ಬೇಕು. ತಕ್ಕಡಿಗೆ ಕಾನೂನು ಮಾಪನಶಾಸ್ತ್ರ (ತೂಕ, ಅಳತೆ) ಇಲಾಖೆಯ ಮುದ್ರೆ ಹಾಕಿಸಿರಬೇಕು.

ಮಿಕ್ಕ ಮಾಲು

ಎಷ್ಟೇ ಲೆಕ್ಕ ಹಾಕಿದರೂ ಸ್ವಲ್ಪ ಮಿಗುತ್ತದೆ. ಅದನ್ನು ಉಪ್ಪಿನಕಾಯಿಯಂಥ ತಿನಿಸು ಮಾಡಲು ಊರಿನ ಮಹಿಳಾ ಸ್ವಸಹಾಯ ಸಂಘಕ್ಕೆ ನಿಗದಿತ ಬೆಲೆಗೆ ಕೊಡುವ ಏರ್ಪಾಡು ಮೊದಲೇ ಆಗಿರಲಿ. ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ 2020ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಪಿಎಂಎಫ್‌ಎಂಇ ಯೋಜನೆಯಲ್ಲಿ ವೈಯಕ್ತಿಕ ಘಟಕಕ್ಕೆ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ನಿಗದಿಯಾಗಿತ್ತು. ಹಂಗಾಮು ಮುಗಿದ ಮೇಲೆ ಕೊಂಡವರನ್ನೂ ಬೆಳೆದವರನ್ನೂ ಒಟ್ಟಿಗೆ ಕೂರಿಸಿ, ಯಾವ ತರಕಾರಿ ಪದೇ ಪದೇ ಮಿಕ್ಕಿತು ಎಂದು ಲೆಕ್ಕದ ಪುಸ್ತಕ ನೋಡಿ ಗುರುತಿಸಿ, ಮುಂದಿನ ಸಸಿಮಡಿ ಹಾಕುವ ಮೊದಲೇ ಅದರ ಪಾಲನ್ನು ಇಳಿಸಬೇಕು.