ಮಂಡಿನೋವಿನ ಜೊತೆ ಶುಗರ್, ಬಿಪಿನೂ ಇದ್ರೆ ಹೇಗೆ ಸಂಭಾಳಿಸೋದು

ನಮ್ಮಮ್ಮಂಗೆ ಮಂಡಿ ಸವೆತ, ಶುಗರ್ರು, ಬಿಪಿ ಮೂರೂ ಇದೆ, ನೋಡ್ಕೊಂಡು ನೋಡ್ಕೊಂಡೇ ಕಲ್ತಿದ್ದು ಇದೆಲ್ಲಾ.

ಮೊದಲ್ನೇದು ಮಾತ್ರೆ. ನೋವು ಜಾಸ್ತಿ ಆಯ್ತು ಅಂತ ಮೆಡಿಕಲ್ ಶಾಪಲ್ಲಿ ಕೇಳಿ ಡೈಕ್ಲೋಫೆನಾಕ್, ಐಬುಪ್ರೊಫೇನ್ ತಂದು ನುಂಗ್ಬೇಡಿ, ಅವು ಬಿಪಿ ಏರಿಸ್ಬಹುದು, ಕಿಡ್ನಿಗೂ ಪೆಟ್ಟು, ಶುಗರ್ ಇರೋರ ಕಿಡ್ನಿಗೆ ಮೊದಲೇ ಭಾರ ಇರುತ್ತೆ. ಶುಗರ್ ಡಾಕ್ಟ್ರು ಒಬ್ರು, ಮೂಳೆ ಡಾಕ್ಟ್ರು ಇನ್ನೊಬ್ರು, ಒಬ್ರು ಬರೆದಿದ್ದು ಇನ್ನೊಬ್ರಿಗೆ ಗೊತ್ತೇ ಇರಲ್ಲ, ಅದಕ್ಕೆ ನಾನು ಎಲ್ಲಾ ಮಾತ್ರೆ ಸ್ಟ್ರಿಪ್ಪೂ ಒಂದು ಕವರಿಗೆ ಹಾಕ್ಕೊಂಡು ಹೋಗಿ ಟೇಬಲ್ ಮೇಲೆ ಸುರಿದುಬಿಡ್ತೀನಿ. ಮಂಡಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಅಂದ್ರೆ ಶುಗರ್ ಇದೆ ಅಂತ ಮುಂಚೆನೇ ಹೇಳಿ, ಆಮೇಲೆ ಕೆಲವು ದಿನ ಶುಗರ್ ಏರುತ್ತೆ, ಮನೇಲಿ ಚೆಕ್ ಮಾಡ್ತಿರಿ.

ಬಿಸಿನೀರಿನ ಶಾಖ ಒಳ್ಳೇದೇ, ಆದ್ರೆ ಶುಗರಿಂದ ಕಾಲು ಜೋಮು ಹಿಡಿದಿದ್ರೆ ಸುಟ್ಟಿದ್ದೂ ಗೊತ್ತಾಗಲ್ಲ, ಅಮ್ಮಂಗೆ ಒಂದ್ಸಲ ಬೊಬ್ಬೆ ಬಂದು ವಾಸಿಯಾಗೋಕೆ ತಿಂಗಳಾಯ್ತು. ಬೇರೆಯವರು ಕೈಯಲ್ಲಿ ಮುಟ್ಟಿ ನೋಡಿ ಆಮೇಲೆ ಇಡ್ಲಿ.

ವ್ಯಾಯಾಮ ಅಂದ್ರೆ ಕುರ್ಚಿ ಮೇಲೆ ಕೂತು ಕಾಲು ನೇರ ಚಾಚಿ 5 ಸೆಕೆಂಡ್ ಹಿಡಿದು ಇಳಿಸೋದು, ಒಂದೊಂದು ಕಾಲಿಗೆ 10 ಸಲ, ಉಸಿರು ಬಿಗಿ ಹಿಡೀಬೇಡಿ, ಬಿಪಿ ಏರುತ್ತೆ. ತೂಕ 1 ಕೆಜಿ ಇಳಿದ್ರೆ ಪ್ರತಿ ಹೆಜ್ಜೆಗೂ ಮಂಡಿ ಮೇಲೆ ಸುಮಾರು 4 ಕೆಜಿ ಭಾರ ಕಮ್ಮಿ.

ಊರುಗೋಲು ನೋವಿಲ್ಲದ ಕಾಲಿನ ಕಡೆ ಕೈಯಲ್ಲಿ ಹಿಡೀಬೇಕು, ಎಲ್ರೂ ಉಲ್ಟಾನೇ ಹಿಡೀತಾರೆ! ಮಂಡಿ ದಿಢೀರ್ ಊದಿ ಕೆಂಪಾಗಿ ಜ್ವರ ಬಂದ್ರೆ ಮಾತ್ರ ಎಣ್ಣೆ ಹಚ್ಕೊಂಡು ಕೂರ್ಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.