ಎಲೆಯಲ್ಲಿ ಸಕ್ಕರೆ ಸಿಕ್ಕಿಕೊಂಡಿದೆಯೇ? ಅಯೋಡಿನ್ ಹಾಕಿ ನೋಡಿ

ಎಲೆ ಸುರುಳಿ ನಂಜು (ವೈರಸ್) ರೋಗ ತಗುಲಿದ ಆಲೂಗಡ್ಡೆ ಗಿಡದ ಕೆಳಗಿನ ಎಲೆಯನ್ನು ಮೆಲ್ಲಗೆ ಒತ್ತಿ ನೋಡಿ. ದಪ್ಪ, ಗಡಸು, ಕಾಗದದ ಹಾಗೆ ಚರಚರ ಸದ್ದು. ಎಲೆ ಒಣಗಿಲ್ಲ, ಒಳಗೆ ಪಿಷ್ಟ ತುಂಬಿಕೊಂಡಿದೆ. ಕೆಳಗೆ ಗೆಡ್ಡೆಗೆ ಮಾತ್ರ ಊಟವಿಲ್ಲ.

ಎಲೆ ಹಗಲಲ್ಲಿ ಮಾಡಿದ ಸಕ್ಕರೆಯಲ್ಲಿ ಒಂದಿಷ್ಟನ್ನು ಪಿಷ್ಟ ಮಾಡಿ ಕೂಡಿಡುತ್ತದೆ. ರಾತ್ರಿ ಅದು ಮತ್ತೆ ಸಕ್ಕರೆಯಾಗಿ ಕರಗಿ, ಫ್ಲೋಯಂ ಎಂಬ ಕೊಳವೆಗಳ ಮೂಲಕ ಬೇರು, ಗೆಡ್ಡೆ, ಚಿಗುರಿಗೆ ಹೋಗುತ್ತದೆ. ಈ ವೈರಸ್ ಬೀಡುಬಿಡುವುದು ಆ ಕೊಳವೆಗಳಲ್ಲೇ. ಅಲ್ಲಿನ ಜೀವಕೋಶ ಸತ್ತರೆ ದಾರಿ ಕಟ್ಟಿಕೊಳ್ಳುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಸೂರ್ಯ ಹುಟ್ಟುವ ಮೊದಲೇ ಎರಡು ಎಲೆ ಕೀಳಿ. ಒಂದು ರೋಗದ್ದು, ಒಂದು ಆರೋಗ್ಯವಾದದ್ದು. ವಯಸ್ಸು, ಎತ್ತರ, ಬಿಸಿಲು ಎರಡಕ್ಕೂ ಒಂದೇ ಇರಲಿ. ಹೊತ್ತು ತುಂಬಾ ಮುಖ್ಯ. ಸಂಜೆ ಕಿತ್ತರೆ ಆರೋಗ್ಯವಾದ ಎಲೆಯಲ್ಲೂ ಪಿಷ್ಟ ಇರುತ್ತದೆ, ವ್ಯತ್ಯಾಸ ತಿಳಿಯುವುದಿಲ್ಲ.

ಎಲೆಗಳನ್ನು ಕುದಿಯುವ ನೀರಲ್ಲಿ ಒಂದು ನಿಮಿಷ ಅದ್ದಿ. ಈಗ ಒಲೆ ಆರಿಸಿ, ಸ್ಪಿರಿಟ್‌ಗೆ ಬೆಂಕಿ ಬೇಗ ಹತ್ತುತ್ತದೆ. ಸ್ಪಿರಿಟ್ ಇರುವ ಲೋಟಕ್ಕೆ ಎಲೆ ಹಾಕಿ, ಲೋಟವನ್ನು ಬಿಸಿನೀರಲ್ಲಿ ಇಡಿ. ಹಸಿರು ಬಿಟ್ಟ ಮೇಲೆ ಎಲೆ ತೊಳೆದು, ತೆಳು ಮಾಡಿದ ಅಯೋಡಿನ್ ಹನಿಸಿ; ಪಿಷ್ಟ ಇದ್ದಲ್ಲಿ ಅದು ನೀಲಿಯಾಗುತ್ತದೆ. ಆರೋಗ್ಯವಾದ ಎಲೆ ಹೆಚ್ಚುಕಡಿಮೆ ತಿಳಿ ಕಂದು. ರೋಗದ ಎಲೆ ಕಡುನೀಲಿ, ಕೆಲವು ಕಡೆ ಕಪ್ಪು. ರಾತ್ರಿಯಿಡೀ ಹೊರಡಲಾಗದ ಪಿಷ್ಟ ಅದು.

ದಾರಿ ಕಟ್ಟದೆಯೂ ಹೀಗಾಗುತ್ತದೆ, ನನಗೆ ಅಚ್ಚರಿ ಇದೇ. ತಂಬಾಕಿನ ಮೊಸಾಯಿಕ್ ವೈರಸ್ ಒಂದು ಪ್ರೋಟೀನ್ ಬಳಸಿ ಜೀವಕೋಶಗಳ ನಡುವಿನ ಕಿಂಡಿಗಳನ್ನು ಅಗಲ ಮಾಡಿ ಮುಂದೆ ನುಗ್ಗುತ್ತದೆ. ಆ ಒಂದೇ ಪ್ರೋಟೀನಿನ ಜೀನ್ ಅನ್ನು ವಿಜ್ಞಾನಿಗಳು ತಂಬಾಕು ಗಿಡಕ್ಕೆ ಸೇರಿಸಿ ನೋಡಿದರು. ವೈರಸ್ಸೇ ಇಲ್ಲ, ಆದರೂ ಎಲೆಯಲ್ಲಿ ಸಕ್ಕರೆ, ಪಿಷ್ಟ ಜಾಸ್ತಿಯಾಯಿತು. ಕಿಂಡಿ ಅಗಲವಾದರೆ ಸಕ್ಕರೆ ಸಲೀಸಾಗಿ ಹರಿಯಬೇಕಿತ್ತು, ಅಲ್ವಾ? ಹಾಗಾಗಲಿಲ್ಲ.

ಒಂದು ಎಚ್ಚರಿಕೆ. ಎಲೆ ನೀಲಿಯಾದ ಮಾತ್ರಕ್ಕೆ ವೈರಸ್ ಎನ್ನಬೇಡಿ. ತೊಟ್ಟು ಜಜ್ಜಿದರೂ, ಚಳಿ ಹೆಚ್ಚಾದರೂ, ಪೊಟ್ಯಾಷ್ ಕಡಿಮೆಯಾದರೂ ಸಕ್ಕರೆ ಎಲೆಯಲ್ಲೇ ನಿಲ್ಲಬಹುದು. ಮೊದಲು ತೊಟ್ಟು ನೋಡಿ. ತಂಬಾಕಿನ ಮೊಸಾಯಿಕ್ ವೈರಸ್ ತಗುಲಿದ ಎಲೆ ಮುಟ್ಟಿದ್ದರೆ, ಬೇರೆ ಗಿಡದ ಹತ್ತಿರ ಹೋಗುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ. ಕೈಗೆ ಅಂಟಿದ ರಸದಿಂದಲೂ ಅದು ಹರಡುತ್ತದೆ.